ಮೇಳ ಬಿಟ್ಟವರಲ್ಲ, ಸ್ವಾಮಿ

ಡೊಂಬಿವಲಿಯಿಂದ ಹಿರಿಯ ಓದುಗರೊಬ್ಬರ ಪತ್ರ ಬಂದಿದೆ. ರಾಕ್ ಬ್ಯಾಂಡಿನವರು ಬ್ಯಾಂಡ್ ಬಿಟ್ಟು ತಮ್ಮ ಒಬ್ಬರದ್ದೇ ಹೆಸರಿನಲ್ಲಿ ತಂದ ಮೊದಲ ಸೋಲೋ ಆಲ್ಬಂಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಅವರಿಗೆ ಹಿಡಿಸಿಲ್ಲ. "ವರ್ಷಗಟ್ಟಲೆ ಒಂದೇ ಬ್ಯಾಂಡಿನ ಅನ್ನ ಉಂಡು, ಹೆಸರು ಬಂದ ಮೇಲೆ ನಾನೇ ಬೇರೆ ಅಂತ ಹೊರಡುವವರನ್ನು ಹೊಗಳುವುದೇಕೆ? ನಮ್ಮ ಯಕ್ಷಗಾನದ ಕಡೆ ಇಂಥವರನ್ನು ಮೇಳ ಬಿಟ್ಟವರು ಅಂತಾರೆ. ಅವರ ಆಲ್ಬಂಗಳೂ ಅಷ್ಟಕ್ಕಷ್ಟೆ" ಎಂದು ಬರೆದಿದ್ದಾರೆ. 2003ರಲ್ಲಿ ರೋಲಿಂಗ್ ಸ್ಟೋನ್ಸ್ ಮುಂಬಯಿಗೆ ಬಂದಾಗ ಸಾಲ ಮಾಡಿ ಟಿಕೆಟ್ ತಗೊಂಡಿದ್ದರಂತೆ. ಅಂಥವರು ಸಿಟ್ಟಾದರೆ ಕೇಳಲೇಬೇಕು.

ಹಿರಿಯರೇ, ನಿಮ್ಮ ಸ್ಟೋನ್ಸ್‌ನಿಂದಲೇ ಶುರು ಮಾಡೋಣ. 1962ರಲ್ಲಿ ಕಟ್ಟಿದ ಬ್ಯಾಂಡ್ ಅದು. ಅದರ ಗಾಯಕ ಮಿಕ್ ಜಾಗರ್ ಮೊದಲ ಸೋಲೋ ಆಲ್ಬಂ ತಂದದ್ದು 1985ರಲ್ಲಿ. ಆಗ ಬ್ಯಾಂಡಿನ ಗಿಟಾರ್ ವಾದಕ ಕೀತ್ ರಿಚರ್ಡ್ಸ್‌ಗೆ ಬಂದ ಸಿಟ್ಟಿನ ಮುಂದೆ ನಿಮ್ಮದು ಏನೂ ಅಲ್ಲ. ಇಬ್ಬರೂ ಪತ್ರಿಕೆಗಳಲ್ಲೇ ಕಚ್ಚಾಡಿಕೊಂಡರು. ಆಮೇಲೆ 1988ರಲ್ಲಿ ಕೀತ್ ಕೂಡ ತಮ್ಮದೊಂದು ಆಲ್ಬಂ ಮಾಡಿದರು. ಮರುವರ್ಷವೇ ಬ್ಯಾಂಡಿನ ಹೊಸ ಆಲ್ಬಂ ಬಂತು, ಎಲ್ಲರೂ ಸೇರಿ ದೊಡ್ಡ ಪ್ರವಾಸ ಹೊರಟರು. ಅಂದರೆ ಸಾಲ ಮಾಡಿ ನೀವು ನೋಡಿದ್ದು ಸೋಲೋ ಮುಗಿಸಿ ಬಂದವರನ್ನೇ ಅಲ್ವಾ?

ಜಾಗರ್ ಆಲ್ಬಂ ಅಷ್ಟಕ್ಕಷ್ಟೆ ಅಂದಿರಲ್ಲ, ಅದಕ್ಕೆ ನನ್ನ ತಕರಾರಿಲ್ಲ. ಆ ಕಾಲದ ಫ್ಯಾಷನ್ನಿನ ಸದ್ದು ಅದರಲ್ಲಿ ಜಾಸ್ತಿ. ಬ್ಯಾಂಡಿನಲ್ಲಿ "ಇದು ಬೇಡ ಮಾರಾಯ" ಅನ್ನುವವನು ಒಬ್ಬ ಇದ್ದೇ ಇರುತ್ತಾನೆ. ದುಡ್ಡು ಕೊಟ್ಟು ಸ್ಟುಡಿಯೋಕ್ಕೆ ಕರೆಸಿದ ವಾದಕ ಆ ಮಾತು ಆಡುವುದಿಲ್ಲ. ಸೋಲೋ ಆಲ್ಬಂಗಳು ಸೊರಗುವುದು ಹೆಚ್ಚಾಗಿ ಇಲ್ಲೇ. ಕೀತ್ ಹಾಗೆ ಮಾಡಲಿಲ್ಲ. ಸ್ಟೀವ್ ಜೋರ್ಡನ್ ಎಂಬ ಡ್ರಮ್ಮರ್ ಜೊತೆ ಕೂತು ಹಾಡು ಕಟ್ಟಿದರು, ಬೇರೆಯೇ ತಂಡ ಮಾಡಿಕೊಂಡರು. 2021ರಲ್ಲಿ ಸ್ಟೋನ್ಸ್‌ನ ಡ್ರಮ್ಮರ್ ಚಾರ್ಲಿ ವಾಟ್ಸ್ ತೀರಿಕೊಂಡ ವರ್ಷ ಸ್ಟೋನ್ಸ್ ಪ್ರವಾಸದಲ್ಲಿ ಡ್ರಮ್ ಹಿಂದೆ ಕೂತದ್ದು ಇದೇ ಜೋರ್ಡನ್. ಬೇರೆ ಹೋಗಿ ಮಾಡಿಕೊಂಡ ಸ್ನೇಹ ಕೊನೆಗೆ ಬ್ಯಾಂಡಿಗೇ ಒದಗಿತು.

ಇನ್ನು ಬೀಟಲ್ಸ್ ಬ್ಯಾಂಡಿನ ಗಿಟಾರ್ ವಾದಕ ಜಾರ್ಜ್ ಹ್ಯಾರಿಸನ್. ಇಲ್ಲಿ ಮಾತ್ರ ನಾನು ಸುಮ್ನೆ ಬಿಡುವವನಲ್ಲ. ಬೀಟಲ್ಸ್‌ನವರ ಪೈಕಿ ಮೊದಲ ಸೋಲೋ ಆಲ್ಬಂ ಅವರದ್ದು. ಒಂದು ಸಿನಿಮಾಕ್ಕೆ ಮಾಡಿದ ಸಂಗೀತ. ಅದರ ಒಂದು ಭಾಗ ರೆಕಾರ್ಡ್ ಆದದ್ದು 1968ರ ಜನವರಿಯಲ್ಲಿ, ನಮ್ಮ ಮುಂಬಯಿ ಫೋರ್ಟಿನ ಫಿರೋಜ್‌ಶಾ ಮೆಹ್ತಾ ರಸ್ತೆಯ ಎಚ್‌ಎಂವಿ ಸ್ಟುಡಿಯೋದಲ್ಲಿ. ಸ್ಟೀರಿಯೋ ಯಂತ್ರ ಇಲ್ಲಿ ಇರಲಿಲ್ಲ, ಕಲ್ಕತ್ತಾದಿಂದ ತರಿಸಬೇಕಾಯಿತು. ಬೀದಿಯ ಗಾಡಿಗಳ ಸದ್ದು ಒಳಗೆ ಬರುತ್ತಿತ್ತು. ಸಂಜೆ ಐದೂವರೆಗೆ ಆಫೀಸು ಬಿಟ್ಟರೆ ಮೆಟ್ಟಿಲ ಮೇಲೆ ಧಡಧಡ ಕಾಲ ಸಪ್ಪಳ. ಆಗ ರೆಕಾರ್ಡಿಂಗ್ ನಿಲ್ಲಿಸಬೇಕಿತ್ತು. ಸಂತೂರಿನ ಶಿವಕುಮಾರ್ ಶರ್ಮಾ ನುಡಿಸಿದವರಲ್ಲಿ ಒಬ್ಬರು. ಫೋರ್ಟಿನ ಕ್ಯಾಂಟೀನುಗಳಲ್ಲಿ ಹಗಲಿಡೀ ದುಡಿದು ಕನ್ನಡ ರಾತ್ರಿ ಶಾಲೆಗೆ ಓಡುತ್ತಿದ್ದ ನಮ್ಮ ಹುಡುಗರು ಆ ಕಟ್ಟಡದ ಮುಂದೆಯೇ ಹಾದುಹೋಗಿರಬಹುದು. (ನೀವೂ ಅವರಲ್ಲಿ ಒಬ್ಬರೋ ಏನೋ, ಪತ್ರದಲ್ಲಿ ಬರೆದಿಲ್ಲ.)

ಶೆಹನಾಯಿ, ಸರೋದ್, ಸಂತೂರ್ ಇಷ್ಟೊಂದನ್ನು ಬೀಟಲ್ಸ್ ಆಲ್ಬಂ ಒಂದರಲ್ಲಿ ಎಲ್ಲಿ ಇಡುತ್ತೀರಿ? ಅಲ್ಲಿ ಜೊತೆಗಾರರಾದ ಲೆನನ್ ಮತ್ತು ಮೆಕಾರ್ಟ್ನಿ ಹಾಡುಗಳದ್ದೇ ದೊಡ್ಡ ಪಾಲು. ಹ್ಯಾರಿಸನ್‌ಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಒಂದೋ ಎರಡೋ. ಬ್ಯಾಂಡ್ ಒಡೆದ 1970ರಲ್ಲೇ ಅವರು ಮೂರು ಎಲ್‌ಪಿಗಳ ಆಲ್ಬಂ ಹೊರತಂದರು. ಅದರ ಶೀರ್ಷಿಕೆ ಗೀತೆಯನ್ನು ಹಿಂದಿನ ವರ್ಷ ಬೀಟಲ್ಸ್ ಜೊತೆಗೇ ಅಭ್ಯಾಸ ಮಾಡಿದ್ದರು, ಬ್ಯಾಂಡ್ ಅದನ್ನು ಬಳಸಲಿಲ್ಲ. ಹೀಗೆ ಜಾಗ ಸಿಗದೆ ಉಳಿದ ಹಾಡನ್ನು ಏನು ಮಾಡಬೇಕು, ಹೇಳಿ? ನನ್ನ ಲೆಕ್ಕದಲ್ಲಿ ಸೋಲೋ ಆಲ್ಬಂಗೆ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಬ್ಯಾಂಡಿನಲ್ಲೇ ಮಾಡಬಹುದಿತ್ತೇ? ಜಾಗರ್‌ಗೆ ಬಹುಪಾಲು ಹೌದು. ಹ್ಯಾರಿಸನ್‌ಗೆ ಖಂಡಿತ ಇಲ್ಲ. ಮುಂಬಯಿಯಲ್ಲಿ ದಿ ಸ್ಯಾವೇಜಸ್ ಬ್ಯಾಂಡಿನಲ್ಲಿದ್ದ ರೆಮೋ ಫರ್ನಾಂಡಿಸ್ ಗೋವಾಕ್ಕೆ ಮರಳಿ, ಸಿಯೋಲಿಮ್‌ನ ಮನೆಯಲ್ಲೇ ಎಲ್ಲ ವಾದ್ಯ ತಾವೇ ನುಡಿಸಿ 1984ರಲ್ಲಿ ಮೊದಲ ಕ್ಯಾಸೆಟ್ ತಂದರು. ಗೋವಾದ ಜೀವನವನ್ನೇ ಹಾಡಾಗಿಸಿದ ಆ ಕ್ಯಾಸೆಟ್ಟಿಗೂ ನನ್ನ ಉತ್ತರ "ಇಲ್ಲ" ಎಂದೇ.

ಮೇಳದ ಮಾತು ನೀವೇ ಎತ್ತಿದಿರಿ. ಮೇ ಕೊನೆಯ ಪತ್ತನಾಜೆಗೆ ಗೆಜ್ಜೆ ಬಿಚ್ಚಿ ಮೇಳದ ತಿರುಗಾಟ ಮುಗಿದ ಮೇಲೆ ನಮ್ಮ ಭಾಗವತರು ಏನು ಮಾಡುತ್ತಾರೆ? ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರೆ. ವೇಷವಿಲ್ಲದ ತಾಳಮದ್ದಳೆ, ಬರೀ ಹಾಡಿನ ಗಾನವೈಭವ ನಡೆಸುತ್ತಾರೆ. ಇಡೀ ರಾತ್ರಿಯ ಆಟದಲ್ಲಿ ವೇಷಕ್ಕೆ ತಕ್ಕಂತೆ ಪದ ಹೇಳುವವರು ಇಲ್ಲಿ ತಮಗೆ ಬೇಕಾದ ರಾಗ ಹಿಡಿದು ಬೇಕಾದಷ್ಟು ಹೊತ್ತು ಹಾಡುತ್ತಾರೆ. ನಾವು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತೇವೆ. ದೀಪಾವಳಿ ಹೊತ್ತಿಗೆ ಅವರು ಮತ್ತೆ ಮೇಳಕ್ಕೆ ಹೋಗುತ್ತಾರೆ. ಯಾರೂ ಅವರನ್ನು ಮೇಳ ಬಿಟ್ಟವರು ಅನ್ನುವುದಿಲ್ಲ.

ಪತ್ರದ ಕೊನೆಗೆ, "ಕೇಳಲೇಬೇಕು ಅಂತಾದರೆ ಯಾವುದರಿಂದ ಶುರು ಮಾಡಲಿ?" ಎಂದು ಕೇಳಿದ್ದೀರಿ. ಕೀತ್‌ರ 1988ರ ಆಲ್ಬಂನಿಂದ. ಸ್ಟೋನ್ಸ್ ಅಭಿಮಾನಿಗೆ ಅದು ಸಲೀಸು. ಹ್ಯಾರಿಸನ್‌ರ ಮೂರು ಎಲ್‌ಪಿಗಳಲ್ಲಿ ಕೊನೆಯದು ಬರೀ ವಾದ್ಯಗಾರರ ಹರಟೆ, ಅದನ್ನು ಬಿಟ್ಟರೂ ನಷ್ಟವಿಲ್ಲ. ಕೇಳಿದ ಮೇಲೂ ಸಿಟ್ಟು ಇಳಿಯದಿದ್ದರೆ ಮತ್ತೆ ಬರೆಯಿರಿ, ಪತ್ರವನ್ನು ಪೂರ್ತಿಯಾಗಿ ಹಾಕುತ್ತೇವೆ.

- ಸಂ.