ಗೋವಾದ ಕಾಣಕೋಣಕ್ಕೆ ವರ್ಗವಾಗಿದೆ ಅಂದಿರಲ್ಲ, ಊರು ಹೀಗಿದೆ ನೋಡಿ

ಪಾಳೋಳೆಂ ಬೀಚಿನ ಫೋಟೋ ನೋಡಿಕೊಂಡು ಬರಬೇಡಿ. ಅದು ಪ್ರವಾಸಿಗರ ಊರು. ನಾವೆಲ್ಲ ಇರುವುದು ಚೌಡಿಯಲ್ಲಿ, ಅಂದರೆ ಕಾಣಕೋಣ ತಾಲ್ಲೂಕಿನ ಪೇಟೆಯಲ್ಲಿ. ಮನೆಯನ್ನೂ ಇಲ್ಲೇ ಹುಡುಕಿ. ಸಮುದ್ರದ ಕಡೆ ಸೀಸನ್ ಬಂತೆಂದರೆ ಬಾಡಿಗೆ ಕೇಳುವ ಹಾಗಿಲ್ಲ.

ಊರು ಚಿಕ್ಕದು. ಒಂದು ಮುಖ್ಯ ರಸ್ತೆ, ಮೀನು ಮಾರ್ಕೆಟ್, ಬಸ್ ಸ್ಟ್ಯಾಂಡು, ಹತ್ತಿರದಲ್ಲೇ ಕೊಂಕಣ ರೈಲ್ವೆ ಸ್ಟೇಷನ್. 2019ರಲ್ಲಿ ಬೈಪಾಸ್ ಆದ ಮೇಲೆ ಲಾರಿಗಳ ಕಾಟ ತಪ್ಪಿತು. ಗಿರಾಕಿಯೂ ತಪ್ಪಿದರು ಅಂತ ಹೋಟೆಲಿನವರು ಇನ್ನೂ ಗೊಣಗುತ್ತಾರೆ. ಬೆಳಿಗ್ಗೆ ಪೊದೇರ್, ಅಂದರೆ ಬ್ರೆಡ್ಡು ಮಾರುವವನು, ಸೈಕಲ್ಲಿನ ಹಾರ್ನ್ ಒತ್ತುತ್ತಾ ಬರುತ್ತಾನೆ. ಬುಟ್ಟಿಯ ಮೇಲಿನ ಪ್ಲಾಸ್ಟಿಕ್ ಸರಿಸಿದರೆ ಬಿಸಿ ಪೊಯಿ ಬ್ರೆಡ್ಡು, ಮೇಲೆಲ್ಲ ತೌಡಿನ ಪುಡಿ. ತಡವಾದರೆ ಸಿಗೋದಿಲ್ಲ. ಮಧ್ಯಾಹ್ನ ಒಂದರ ಮೇಲೆ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಹುಬ್ಬಳ್ಳಿ ಕಡೆಯವರಿಗೆ ಮೊದಲು ಇದು ಸಿಟ್ಟು ಬರಿಸುತ್ತದೆ. ಆಮೇಲೆ ಅವರೂ ಮಲಗಲು ಕಲಿಯುತ್ತಾರೆ!

ಉತ್ತರಕ್ಕೆ ಮಡಗಾಂವ್, ದಕ್ಷಿಣಕ್ಕೆ ಕಾರವಾರ, ಎರಡೂ ಹೆಚ್ಚುಕಡಿಮೆ ಒಂದೇ ದೂರ. ಕಾಗದಪತ್ರ, ಕೋರ್ಟು, ದೊಡ್ಡ ಡಾಕ್ಟರು ಅಂದರೆ ಕರ್ಮಲ ಘಾಟಿನ ತಿರುವು ದಾಟಿ ಮಡಗಾಂವ್. ಮದುವೆ, ಮುಂಜಿ, ತಿಥಿ ಅಂದರೆ ಕಾರವಾರ. ನಮ್ಮಂಥ ಕನ್ನಡದ ಮನೆಗಳ ಜೀವನವೆಲ್ಲ ಈ ಎರಡು ಬಸ್ಸುಗಳ ಮಧ್ಯೆಯೇ. ಒಂದು ಕದಂಬ, ಇನ್ನೊಂದು ನಮ್ಮ ವಾಯವ್ಯ ಸಾರಿಗೆ. ಗೋವಾ ಸರ್ಕಾರಿ ಬಸ್ಸಿನ ಮೇಲೆ ಕದಂಬರ ಹೆಸರು ನೋಡಿ ಹೊಸದಾಗಿ ಬಂದ ಕನ್ನಡದವರು ಒಳಗೊಳಗೇ ಖುಷಿಪಡುತ್ತಾರೆ, ನೀವೂ ಪಡುತ್ತೀರಿ.

ಗಡಿಯ ನಿಜವಾದ ಮಜಾ ನೋಡಬೇಕೆಂದರೆ ಗೋವಾದ ಗಡಿಯೂರು ಪೋಳೆಂಗೆ ಹೋಗಿ. ಗೋವಾದಲ್ಲಿ ಪೆಟ್ರೋಲು ಲೀಟರಿಗೆ ಕೆಲವು ರೂಪಾಯಿ ಅಗ್ಗ. ಅದಕ್ಕೇ ಬಂಕಿನಲ್ಲಿ ಕೆಎ 30, ಅಂದರೆ ಕಾರವಾರದ ನಂಬರಿನ ಗಾಡಿಗಳ ಸಾಲು. ಪೆಟ್ರೋಲಿಗೆ ಯಾರೂ ಏನೂ ಅನ್ನುವುದಿಲ್ಲ, ಮದ್ಯದ ಬಾಟಲಿಯ ಕಥೆ ಬೇರೆ. ಆಚೆ ಕರ್ನಾಟಕದ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತರೆ ಅಬಕಾರಿಯವರು ಹತ್ತಿ ಸೀಟಿನ ಕೆಳಗಿನ ಚೀಲಗಳನ್ನು ಒತ್ತಿ ನೋಡುತ್ತಾರೆ. ಆಗ ಯಾರು ಕಿಟಕಿಯಾಚೆ ನೋಡತೊಡಗುತ್ತಾರೋ, ಚೀಲ ಅವರದ್ದೇ.

ಗಡಿ ತಮಾಷೆ ಮಾತ್ರ ಅಲ್ಲ. 2020ರ ಲಾಕ್‌ಡೌನಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿದ್ದ ಅಪ್ಪ ಅಮ್ಮನನ್ನು ನೋಡಲಾಗದೆ ಕೂತವರು ಇಲ್ಲಿದ್ದಾರೆ. ಬೆಳಗಾವಿಯ ತರಕಾರಿ ಗಾಡಿ ನಿಂತರೆ ಗೋವಾದ ಅಡುಗೆಮನೆ ಏನಾಗುತ್ತದೆ ಅಂತಲೂ ಆಗಲೇ ಗೊತ್ತಾಯಿತು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ದಾರಿಯ ಕಾಳಿ ನದಿಯ ಹಳೆ ಸೇತುವೆ ಕುಸಿದಾಗ ಎಲ್ಲರ ಮನೆಯಲ್ಲೂ ಫೋನು. ಪಕ್ಕದ ಹೊಸ ಸೇತುವೆ ಇತ್ತು, ಬಚಾವಾದೆವು. ಇನ್ನು ಆಸ್ಪತ್ರೆ. ಉತ್ತರ ಕನ್ನಡದವರು ದೊಡ್ಡ ಆಸ್ಪತ್ರೆಗಾಗಿ ಕೇಳಿ ಕೇಳಿ ಸಾಕಾಗಿ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಬರುತ್ತಾರೆ. 2018ರಿಂದ ಅಲ್ಲಿ ಹೊರರಾಜ್ಯದವರಿಗೆ ಶುಲ್ಕ. ಹಿಂದಿನ ರಾತ್ರಿ ಉಳಿಯುವುದು ನಮ್ಮಂಥವರ ಮನೆಯಲ್ಲಿ. ಹಾಗಾಗಿ ಚಾಪೆ ಜಾಸ್ತಿ ಇಟ್ಟುಕೊಳ್ಳಿ.

ಇನ್ನು ಭಾಷೆಯ ಮಾತು. ಮನೆಯೊಳಗೆ ಕನ್ನಡ, ಹೊರಗೆ ಕೊಂಕಣಿ. ಮಕ್ಕಳು ಶಾಲೆಯಲ್ಲಿ ದೇವನಾಗರಿ ಕಲಿತು ಅಜ್ಜಿಯ ಕನ್ನಡ ಕಾಗದ ಓದಲಾಗದೆ ತಡವರಿಸುತ್ತಾರೆ. ನನಗೆ ಇದೊಂದೇ ಬೇಜಾರು. ಘಟ್ಟದ ಮೇಲಿನಿಂದ ಕೂಲಿಗೆ ಬಂದವರನ್ನು ಕೆಲವರು ‘ಘಾಂಟಿ’ ಅಂತ ಹೀಯಾಳಿಸುವುದೂ ಉಂಟು. ಸುಳ್ಳು ಯಾಕೆ ಹೇಳಲಿ? ಆದರೆ ಮೀನು ಮಾರುವ ಹೆಂಗಸಿನ ಹತ್ತಿರ ಹರಕು ಮುರುಕು ಕೊಂಕಣಿಯಲ್ಲಿ ಚೌಕಾಸಿ ಮಾಡಿ ನೋಡಿ, ಎರಡು ಬಾಂಗಡೆ ಮೇಲೆ ಹಾಕುತ್ತಾಳೆ.

ಶ್ರೀಸ್ಥಳದ ಮಲ್ಲಿಕಾರ್ಜುನ ದೇವಸ್ಥಾನಕ್ಕೆ ತಪ್ಪದೆ ಹೋಗಿ. ಎರಡು ವರ್ಷಕ್ಕೊಮ್ಮೆ ಶಿಶಾರನ್ನಿ ನಡೆಯುತ್ತದೆ. ಮೂವರ ತಲೆಗಳೇ ಒಲೆ, ಅದರ ಮೇಲೆ ಮಡಕೆ ಇಟ್ಟು ಅನ್ನ ಮಾಡುತ್ತಾರೆ. ಬಾಯಲ್ಲಿ ಹೇಳಿದರೆ ನಂಬಿಕೆ ಬರೋದಿಲ್ಲ.

ಮಳೆಗಾಲದ ಬಗ್ಗೆ ಒಂದೇ ಮಾತು: ಕರೆಂಟು ಹೋಗುತ್ತಲೇ ಇರುತ್ತದೆ, ಪಂಪು ನಡೆಯುವುದಿಲ್ಲ. ಬಾವಿ ಇರುವ ಮನೆ ಸಿಕ್ಕರೆ ಬಾಡಿಗೆ ಸ್ವಲ್ಪ ಜಾಸ್ತಿಯಾದರೂ ಬಿಡಬೇಡಿ.