ನಂಬರ್ ನೋಡಿ, ಆಮೇಲೆ ರೂಟರ್ ಮುಟ್ಟಿ

ಪ್ರಶ್ನೆ: ಲ್ಯಾಪ್‌ಟಾಪ್ ವೈಫೈಗೆ ಕನೆಕ್ಟ್ ಆಗಿದೆ ಅಂತ ತೋರಿಸುತ್ತದೆ, ಆದರೆ ಒಂದು ಪುಟವೂ ತೆರೆಯುವುದಿಲ್ಲ. ಐಪಿ ಅಡ್ರೆಸ್ 169.254.37.12 ಅಂತಿದೆ. ಫೋನ್‌ಗಳಲ್ಲಿ ನೆಟ್ ಚೆನ್ನಾಗಿದೆ. ವೈರಸ್ ಬಂದಿದೆಯಾ?

ಉತ್ತರ: ಇಲ್ಲ, ಗಾಬರಿ ಬೇಡ. ಮೊದಲು ನಿಮಗೊಂದು ಶಹಬ್ಬಾಸ್. "ನೆಟ್ ಬರ್ತಿಲ್ಲ" ಅಂತಷ್ಟೇ ಬರೆಯುವವರೇ ಜಾಸ್ತಿ. ನೀವು ನಂಬರ್ ನೋಡಿ ಬರೆದಿದ್ದೀರಿ, ಅರ್ಧ ಉತ್ತರ ಅದರಲ್ಲೇ ಇದೆ.

ಮನೆಯ ನೆಟ್‌ವರ್ಕಿಗೆ ಬಂದ ಪ್ರತಿಯೊಂದು ಸಾಧನವೂ ಮೊದಲು "ನನಗೊಂದು ಅಡ್ರೆಸ್ ಕೊಡಿ" ಎಂದು ಕೂಗುತ್ತದೆ. ರೂಟರ್ ಒಳಗಿರುವ ಡಿಎಚ್‌ಸಿಪಿ ಅದನ್ನು ಕೇಳಿಸಿಕೊಂಡು, ಖಾಲಿ ಇರುವ ಒಂದು ನಂಬರನ್ನು ಇಷ್ಟು ಗಂಟೆಗೆ ಅಂತ ಬಾಡಿಗೆಗೆ ಕೊಡುತ್ತದೆ. ಎಷ್ಟು ಕೂಗಿದರೂ ಉತ್ತರ ಬರದಿದ್ದರೆ ವಿಂಡೋಸ್ 169.254ರ ಸಾಲಿನಿಂದ ತಾನೇ ಒಂದು ನಂಬರ್ ಇಟ್ಟುಕೊಂಡು ಕೂರುತ್ತದೆ. ಅಂದರೆ ತೊಂದರೆ ನಿಮ್ಮ ಲ್ಯಾಪ್‌ಟಾಪ್‌ಗೂ ರೂಟರ್‌ಗೂ ನಡುವೆ ಇದೆ. ನೆಟ್ ಕೊಡುವ ಕಂಪನಿಗೆ ಫೋನ್ ಮಾಡಿ ಅರ್ಧ ಗಂಟೆ ಸಂಗೀತ ಕೇಳಿ ಪ್ರಯೋಜನವಿಲ್ಲ.

ವೈಫೈ ಹೆಸರನ್ನು ಫರ್ಗೆಟ್ ಮಾಡಿ, ಪಾಸ್‌ವರ್ಡ್ ಹಾಕಿ ಮತ್ತೆ ಸೇರಿಸಿ. ಆಗಲಿಲ್ಲ ಅಂದರೆ ರೂಟರ್‌ಗೆ ಕೇಬಲ್ ಹಾಕಿ ನೋಡಿ. ಕೇಬಲ್‌ನಲ್ಲಿ 192.168ರಿಂದ ಶುರುವಾಗುವ ನಂಬರ್ ಬಂದರೆ ಎಡವಟ್ಟು ವೈಫೈ ಕಡೆಯದು, ಅದರ ಡ್ರೈವರ್ (ವೈಫೈ ಭಾಗವನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಮತ್ತೆ ಹಾಕಿ. ಕೇಬಲ್‌ನಲ್ಲೂ 169.254 ಬಂದರೆ ಆಂಟಿವೈರಸ್ ಜೊತೆ ಬಂದ ಫೈರ್‌ವಾಲ್ ಅಡ್ಡ ನಿಂತಿದೆಯಾ ನೋಡಿ. ಆಮೇಲೆ ಬ್ರೌಸರ್‌ನಲ್ಲಿ ತೆರೆಯುವ ರೂಟರ್‌ನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ, ಒಟ್ಟು ಎಷ್ಟು ಅಡ್ರೆಸ್ ಕೊಡಲು ಅದಕ್ಕೆ ಹೇಳಿದ್ದೀರಿ ಅಂತಲೂ ನೋಡಿ. ಹೊಸ ರೂಟರ್ ತಂದ ಉತ್ಸಾಹದಲ್ಲಿ ನಾನು ಹತ್ತೇ ಸಾಕು ಅಂತ ಮಿತಿ ಹಾಕಿದ್ದೆ, ಆಮೇಲೆ ಮರೆತೂ ಬಿಟ್ಟೆ. ಹನ್ನೊಂದನೆಯದಾಗಿ ಬಂದದ್ದು ಟಿವಿ. ಪಾಪ, ಎರಡು ಗಂಟೆ ಟಿವಿಯನ್ನೇ ಬೈದೆ.

ಪ್ರಶ್ನೆ: ಪ್ರಿಂಟರ್‌ಗೆ ನಾನೇ 192.168.1.105 ಅಂತ ಖಾಯಂ ಅಡ್ರೆಸ್ ಹಾಕಿದ್ದೇನೆ. ಆದರೂ ಕರೆಂಟ್ ಹೋಗಿ ಬಂದಾಗಲೆಲ್ಲ ಪ್ರಿಂಟರ್ ಸಿಗುವುದಿಲ್ಲ.

ಉತ್ತರ: ನೀವು ಪ್ರಿಂಟರ್‌ಗೆ ಹೇಳಿದಿರಿ, ರೂಟರ್‌ಗೆ ಹೇಳಲಿಲ್ಲ, ಅಲ್ವಾ? ನಿಮ್ಮ ರೂಟರ್ 100ರಿಂದ 199ರವರೆಗೆ ನಂಬರ್ ಹಂಚುತ್ತಿದೆ ಅಂದುಕೊಳ್ಳಿ. ಕರೆಂಟ್ ಹೋದರೆ ಎಷ್ಟೋ ರೂಟರ್‌ಗಳು ಯಾರಿಗೆ ಏನು ಕೊಟ್ಟಿದ್ದೆವು ಅನ್ನುವ ಪಟ್ಟಿಯನ್ನೇ ಮರೆತುಬಿಡುತ್ತವೆ, ಮತ್ತೆ ಹಂಚಲು ಕೂತಾಗ ಆ 105 ಯಾವುದೋ ಫೋನ್ ಪಾಲಾಗುತ್ತದೆ. ಆಗ ನೀವು ಕಳಿಸಿದ ಕಡತ ಒಮ್ಮೆ ಪ್ರಿಂಟರ್‌ಗೆ, ಒಮ್ಮೆ ಫೋನ್‌ಗೆ. ಪ್ರಿಂಟರ್‌ನಲ್ಲಿ ಅಡ್ರೆಸ್ಸನ್ನು ಮತ್ತೆ ಆಟೋಮ್ಯಾಟಿಕ್ ಮಾಡಿ. ರೂಟರ್ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಅಂತಿರುತ್ತದೆ, ಅಲ್ಲಿ ಪ್ರಿಂಟರ್‌ನ ಮ್ಯಾಕ್ ಅಡ್ರೆಸ್ (ತಯಾರಿಸುವಾಗಲೇ ಸಾಧನಕ್ಕೆ ಕೊಟ್ಟ ಗುರುತಿನ ಸಂಖ್ಯೆ) ಎದುರಿಗೆ 105 ಬರೆಯಿರಿ. ಅದು ಬೇಡ ಅಂದರೆ, ರೂಟರ್ ಹಂಚದ 50ರಂಥ ನಂಬರನ್ನು ಪ್ರಿಂಟರ್‌ಗೆ ಕೊಡಿ, ಅದೂ ನಡೆಯುತ್ತದೆ.

ಇದೇ ಉಪಾಯ ಫೋನ್‌ಗೆ ಮಾಡಲು ಹೋದರೆ ಒಂದು ತೊಡಕಿದೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಫೋನ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಅಡ್ರೆಸ್ ತೋರಿಸದೆ ಬೇರೊಂದನ್ನು ಕೊಡುತ್ತವೆ. ಮನೆಯ ವೈಫೈಗೆ ಮಾತ್ರ ಅದನ್ನು ಆಫ್ ಮಾಡಿಕೊಳ್ಳಿ.

ಪ್ರಶ್ನೆ: ಮೇಲಿನ ಕೋಣೆಗೆ ಹಳೆಯ ರೂಟರ್ ಹಾಕಿದೆ. ಅಲ್ಲಿ ನೆಟ್ ಬರುತ್ತದೆ, ಆದರೆ ಫೋನ್‌ಗೆ ಕೆಳಗಿನ ಟಿವಿ ಕಾಣಿಸುವುದೇ ಇಲ್ಲ.

ಉತ್ತರ: ಒಂದೇ ಮನೆಯಲ್ಲಿ ಎರಡು ರೂಟರ್ ಎರಡು ಸಂಸಾರ ಹೂಡಿವೆ. ಕೆಳಗೆ 192.168.1, ಮೇಲೆ 192.168.0, ಹೀಗೇನೋ ಇರುತ್ತದೆ. ಹಳೆಯದರಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ (ತಾನು ನಂಬರ್ ಹಂಚದೆ ಬರೀ ವೈಫೈ ಕೊಡುವುದು) ಇದ್ದರೆ ಅದನ್ನು ಆರಿಸಿ, ಕೆಲಸ ಮುಗಿಯಿತು. ಇಲ್ಲದಿದ್ದರೆ ಮೊದಲು ಅದರ ಸ್ವಂತ ಅಡ್ರೆಸ್ಸನ್ನು 192.168.1.2 ಮಾಡಿ, ಅದರಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಕೊನೆಗೆ ಕೆಳಗಿಂದ ಬಂದ ಕೇಬಲ್ಲನ್ನು ವ್ಯಾನ್ (WAN, ಹೊರಗಿನ ನೆಟ್‌ಗೆ) ತೂತಿನಿಂದ ತೆಗೆದು ಲ್ಯಾನ್ (LAN, ಮನೆಯೊಳಗಿನ ಸಾಧನಗಳಿಗೆ) ತೂತಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡದೆ ಕೇಬಲ್ ಬದಲಿಸಬೇಡಿ, ಎರಡೂ ನಂಬರ್ ಹಂಚಲು ಶುರು ಮಾಡಿದರೆ ಕೆಳಗಿನವರ ನೆಟ್ಟೂ ಹೋಗುತ್ತದೆ.

ಪ್ರಶ್ನೆ: ಫೋನ್‌ನಲ್ಲಿ 192.168.1.7 ಅಂತಿದೆ, ಐಪಿ ತೋರಿಸುವ ವೆಬ್‌ಸೈಟ್ ಬೇರೆಯದೇ ಹೇಳುತ್ತದೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಹಳೆಯ ಮಾದರಿಯ ಐಪಿ ಅಡ್ರೆಸ್‌ಗಳು ಇರುವುದೇ ಸುಮಾರು 429 ಕೋಟಿ, ಜಗತ್ತಿನ ಎಲ್ಲ ಸಾಧನಗಳಿಗೆ ಸಾಲುವುದಿಲ್ಲ. ಹಾಗಾಗಿ 192.168ರ ನಂಬರ್‌ಗಳನ್ನು ಮನೆಯೊಳಗಿನ ಬಳಕೆಗೆ ಎತ್ತಿಟ್ಟಿದ್ದಾರೆ, ಹೊರಗೆ ಹೋಗುವಾಗ ರೂಟರ್ ಎಲ್ಲರ ಪರವಾಗಿ ಬೇರೆ ನಂಬರ್ ತೋರಿಸುತ್ತದೆ. ಪಕ್ಕದ ಮನೆಯಲ್ಲೂ ಒಂದು 192.168.1.7 ಇರಬಹುದು, ನಿಮಗೇನೂ ತೊಂದರೆಯಿಲ್ಲ.