ಮುತ್ತಜ್ಜನ ಹೆಸರು ಹಳೇ ಪೇಪರ್‌ಗಳಲ್ಲಿ ಸಿಗದಿದ್ದರೆ

ನಮಸ್ಕಾರ. ಮುತ್ತಜ್ಜನ ಪೂರ್ತಿ ಹೆಸರು ಹಾಕಿ ಮೂರು ಸೈಟ್‌ಗಳಲ್ಲಿ ಹುಡುಕಿದೆ, ಒಂದೂ ಸಿಗಲಿಲ್ಲ, ಆ ಕಾಲದ ಪೇಪರ್‌ಗಳು ಇನ್ನೂ ಆನ್‌ಲೈನ್‌ಗೆ ಬಂದಿಲ್ಲವೇನೋ ಅಂತ ಬರೆದಿದ್ದೀರಿ. ಬಂದಿಲ್ಲದೆಯೂ ಇರಬಹುದು. ಆದರೆ ಎಷ್ಟೋ ಸಲ ಪೇಪರೂ ಇರುತ್ತದೆ, ಸುದ್ದಿಯೂ ಇರುತ್ತದೆ. ಆ ಹೆಸರನ್ನು ಕಂಪ್ಯೂಟರ್ ತಪ್ಪಾಗಿ ಓದಿರುತ್ತದೆ, ಅಷ್ಟೇ.

ನೀವು ಹುಡುಕುವುದು ಪೇಪರ್‌ನಲ್ಲಿ ಅಲ್ಲ. ಸ್ಕ್ಯಾನ್ ಮಾಡಿದ ಚಿತ್ರ ನೋಡಿ ಯಂತ್ರ ಟೈಪ್ ಮಾಡಿಕೊಂಡ ಅಕ್ಷರಗಳಲ್ಲಿ. ಇದನ್ನೇ ಓಸಿಆರ್ ಅನ್ನುತ್ತಾರೆ. ಇಂಗ್ಲಿಷ್‌ನಲ್ಲಿ ಆರ್ ಮತ್ತು ಎನ್ ಅಕ್ಕಪಕ್ಕ ಬಂದರೆ ಎಮ್ ಆಗಿಬಿಡುತ್ತದೆ. ಬರ್ನ್ಸ್ ಅನ್ನುವವರು ಬಮ್ಸ್ ಆಗುತ್ತಾರೆ, ಪಾಪ. 1800ಕ್ಕಿಂತ ಹಿಂದಿನ ಅಚ್ಚಿನಲ್ಲಿ ಪದದ ನಡುವಿನ ಎಸ್ ನೋಡೋಕೆ ಎಫ್ ಥರ ಇರುತ್ತದೆ, ಹಾಗಾಗಿ ವಿಲ್ಸನ್ ಹೋಗಿ ವಿಲ್ಫನ್. ಇನ್ನು ಕಾಲಂ ಕಿರಿದು. ಹೆಸರು ಸಾಲಿನ ಕೊನೆಗೆ ಬಂದರೆ ಅರ್ಧ ಮೇಲೆ, ಅರ್ಧ ಕೆಳಗೆ. ಪೂರ್ತಿ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದರೆ ಇಂಥದ್ದೆಲ್ಲ ತಪ್ಪಿಹೋಗುತ್ತದೆ.

ಅದಕ್ಕೆ ನನ್ನ ಸಲಹೆ: ಹೆಸರನ್ನು ಬಿಡಿ, ಹೆಸರಿನ ಸುತ್ತ ಇರುವುದನ್ನು ಹುಡುಕಿ. ಬೀದಿ, ಕೆಲಸ, ಹಡಗು, ಚರ್ಚು, ಶಾಲೆ, ಯಾವುದಾದರೂ ಸರಿ. ನಾನು ವರ್ಷಗಟ್ಟಲೆ ಹುಡುಕಿದ ಒಬ್ಬ ಹಿರಿಯರು ಹೆಸರಿನಿಂದ ಸಿಗಲೇ ಇಲ್ಲ. ಒಂದು ದಿನ ಸುಮ್ನೆ ಹಳೇ ಲಕೋಟೆ ಮೇಲಿದ್ದ ಬೀದಿಯ ಹೆಸರು ಮತ್ತು ಮನೆ ನಂಬರ್ ಹಾಕಿದೆ. ಅಡುಗೆಮನೆಗೆ ಬೆಂಕಿ ಬಿದ್ದ ನಾಲ್ಕು ಸಾಲಿನ ಸುದ್ದಿ ಬಂತು. ಮನೆ ಯಜಮಾನರು ಅವರೇ. ಯಂತ್ರ ಅವರ ಹೆಸರಿನ ಮೊದಲಕ್ಷರವನ್ನೇ ಬೇರೆ ಓದಿತ್ತು.

ಹೆಂಗಸರನ್ನು ಹುಡುಕುವಾಗ ಇನ್ನೂ ಕಷ್ಟ. ಹಳೇ ಇಂಗ್ಲಿಷ್ ಪೇಪರ್‌ಗಳಲ್ಲಿ ಮದುವೆಯಾದವರ ಸ್ವಂತ ಹೆಸರು ಬರುವುದೇ ಅಪರೂಪ, ಮಿಸೆಸ್ ಅಂತ ಹಾಕಿ ಗಂಡನ ಹೆಸರು ಬರೆಯುತ್ತಿದ್ದರು. ಗಂಡಸರದ್ದೂ ಬರೀ ಇನಿಷಿಯಲ್ ಇರಬಹುದು.

ಯಾವ ದೇಶ ಅಂತ ನೀವು ಹೇಳಿಲ್ಲ, ಹಾಗಾಗಿ ನಾನು ಜಾಸ್ತಿ ಬಳಸಿದ್ದನ್ನು ಹೇಳುತ್ತೇನೆ. ಆಸ್ಟ್ರೇಲಿಯಾ ಆದರೆ ನೀವು ಅದೃಷ್ಟವಂತರು. ಅಲ್ಲಿನ ರಾಷ್ಟ್ರೀಯ ಗ್ರಂಥಾಲಯದ ಟ್ರೋವ್‌ನಲ್ಲಿ 1803ರಿಂದ ಪೇಪರ್‌ಗಳಿವೆ, ಪೂರ್ತಿ ಉಚಿತ. ಹುಟ್ಟು, ಮದುವೆ, ಸಾವಿನ ಪ್ರಕಟಣೆಗಳನ್ನಷ್ಟೇ ತೋರಿಸುವ ಫಿಲ್ಟರ್ ಇದೆ. ಯಂತ್ರ ತಪ್ಪು ಓದಿದ್ದನ್ನು ಓದುಗರೇ ಸಾಲು ಸಾಲಾಗಿ ತಿದ್ದಬಹುದು. ನಾನೂ ಆಗಾಗ ತಿದ್ದುತ್ತೇನೆ, ಒಳ್ಳೇ ಟೈಮ್‌ಪಾಸ್. ನ್ಯೂಜಿಲೆಂಡ್‌ಗೆ ಪೇಪರ್ಸ್ ಪಾಸ್ಟ್, ಅಮೆರಿಕಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ, ಡಚ್ಚರಿಗೆ ಡೆಲ್ಫರ್, ಫ್ರಾನ್ಸ್‌ಗೆ ಗ್ಯಾಲಿಕಾ, ಆಸ್ಟ್ರಿಯಾಕ್ಕೆ ಆನೋ, ಸಿಂಗಾಪುರಕ್ಕೆ ನ್ಯೂಸ್‌ಪೇಪರ್‌ಎಸ್‌ಜಿ. 2011ರಲ್ಲಿ ಶುರುವಾದ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್‌ನಲ್ಲಿ ಹುಡುಕೋದು ಉಚಿತ, ಪುಟ ತೆರೆಯಲು ಹೆಚ್ಚಿನದಕ್ಕೆ ದುಡ್ಡು ಕೊಡಬೇಕು. ದುಡ್ಡು ಕಟ್ಟುವ ಮುಂಚೆ ನಿಮಗೆ ಬೇಕಾದ ಊರಿನ ಪೇಪರ್, ಬೇಕಾದ ವರ್ಷ ಅಲ್ಲಿದೆಯಾ ಅಂತ ನೋಡಿಕೊಳ್ಳಿ. ಪೇಪರ್ ಹೆಸರು ಪಟ್ಟಿಯಲ್ಲಿರುತ್ತದೆ, ನಡುವೆ ಐದು ವರ್ಷ ಮಾತ್ರ ಮಾಯವಾಗಿರುತ್ತದೆ. ಇದು ತೀರಾ ಮಾಮೂಲಿ.

ಊರು ಮತ್ತು ತಾರೀಕು ಅಂದಾಜು ಗೊತ್ತಿದ್ದರೆ ಹುಡುಕೋ ಪೆಟ್ಟಿಗೆಯನ್ನೇ ಮರೆತು, ಆ ವಾರದ ಸಂಚಿಕೆ ತೆರೆದು ಪುಟ ಪುಟ ಓದಿ. ಬೇಜಾರಿನ ಕೆಲಸ, ನಿಜ. ಆದರೆ ಅಂಚೆ ಕಚೇರಿಯಲ್ಲಿ ಯಾರೂ ಒಯ್ಯದೆ ಉಳಿದ ಪತ್ರಗಳ ಪಟ್ಟಿ, ಹಡಗಿನಿಂದ ಇಳಿದವರ ಪಟ್ಟಿ, ಸಾಲಗಾರರಿಗೆ ಕೊಟ್ಟ ನೋಟಿಸ್ ಎಲ್ಲ ಹೀಗೆಯೇ ಕಣ್ಣಿಗೆ ಬೀಳೋದು. ಅಮೆರಿಕದ 1890ರ ಜನಗಣತಿಯ ಹಾಳೆಗಳಲ್ಲಿ ಬಹುಪಾಲು 1921ರ ಬೆಂಕಿಯ ನಂತರ ಉಳಿಯಲೇ ಇಲ್ಲ. ಆ ಕಾಲದವರನ್ನು ಹುಡುಕುವವರಿಗೆ ಇಂಥ ಪಟ್ಟಿಗಳೇ ಗತಿ.

ತಾರೀಕಿನ ಒಂದು ಬಲೆ ಇದೆ, ಹುಷಾರು. ಹಳೇ ಇಂಗ್ಲಿಷ್ ಪ್ರಕಟಣೆಗಳಲ್ಲಿ ತಾರೀಕಿನ ಮುಂದೆ 'ಇನ್‌ಸ್ಟ್' ಅಂತಿದ್ದರೆ ಇದೇ ತಿಂಗಳು, 'ಅಲ್ಟ್' ಅಂತಿದ್ದರೆ ಹೋದ ತಿಂಗಳು. ಮಾರ್ಚ್ 5ರ ಪೇಪರ್‌ನಲ್ಲಿ '27 ಅಲ್ಟ್' ಕಂಡರೆ ತೀರಿಕೊಂಡದ್ದು ಫೆಬ್ರವರಿ 27ಕ್ಕೆ. ಸಾವಿನ ತಾರೀಕು ಗೊತ್ತೇ ಇಲ್ಲ ಅಂದರೆ ಪುಣ್ಯತಿಥಿಗೆ ಮನೆಯವರು ಹಾಕಿಸುವ ಸ್ಮರಣೆ ಜಾಹೀರಾತು ನೋಡಿ. ಅದು ವರ್ಷ ವರ್ಷ ಬರುತ್ತದೆ. ಒಂದು ವರ್ಷದ್ದು ಯಂತ್ರಕ್ಕೆ ತಪ್ಪಿದರೂ ಮುಂದಿನದು ಸಿಗಬಹುದು.

ಸಿಕ್ಕಿದಾಗ ಬರೀ ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಬೇಡಿ. ಪೇಪರ್ ಹೆಸರು, ಊರು, ತಾರೀಕು, ಪುಟ, ಕಾಲಂ, ಐದನ್ನೂ ಫೈಲ್ ಹೆಸರಲ್ಲೇ ಬರೆದುಬಿಡಿ. ನನ್ನ ಹತ್ತಿರ ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ತುಣುಕುಗಳು ಒಂದು ಫೋಲ್ಡರ್ ತುಂಬ ಇವೆ. ಇನ್ನೊಂದು, ಹೆಸರು ಹೊಂದಿತು ಅಂತ ನಮ್ಮವರೇ ಅಂದುಕೊಳ್ಳಬೇಡಿ. ನಾನು ಎರಡು ತಿಂಗಳು ಒಬ್ಬರ ಹಿಂದೆ ಬಿದ್ದು ಮಕ್ಕಳು ಮೊಮ್ಮಕ್ಕಳನ್ನೆಲ್ಲ ವಂಶವೃಕ್ಷಕ್ಕೆ ಸೇರಿಸಿದ್ದೆ. ಆಮೇಲೆ ನೋಡಿದರೆ ಅವರು ಅದೇ ಬೀದಿಯ, ಅದೇ ಹೆಸರಿನ ಇನ್ನೊಬ್ಬರು! ವಯಸ್ಸು, ಹೆಂಡತಿಯ ಹೆಸರು, ಕೆಲಸ, ಇವುಗಳಲ್ಲಿ ಎರಡಾದರೂ ತಾಳೆಯಾಗಲಿ.

ದೇಶ, ಊರು ಮತ್ತು ಸುಮಾರು ಯಾವ ಹತ್ತು ವರ್ಷ ಅಂತ ಇಲ್ಲಿ ಹಾಕಿ. ಆ ಕಡೆಯ ಪೇಪರ್ ಯಾವ ಸೈಟ್‌ನಲ್ಲಿದೆ ಅಂತ ಈ ವಾರ ನೋಡಿ ಹೇಳುತ್ತೇನೆ.